‘ಕೂತ್ಕೋ’ ಎಂದಷ್ಟೂ ಏಳುವ ಮಕ್ಕಳು

ತರಗತಿಯಲ್ಲಿ ಶಿಕ್ಷಕರ ಗಮನ ಯಾವುದರ ಮೇಲೆ ಬೀಳುತ್ತದೋ ಆ ನಡವಳಿಕೆ ಹೆಚ್ಚುತ್ತದೆ. ಇದನ್ನು ಎಣಿಸಿ ತೋರಿಸಿದ ಒಂದು ಪ್ರಯೋಗದ ವರದಿ 1968ರಲ್ಲಿ ಪ್ರಕಟವಾಯಿತು. ಅಮೆರಿಕದ ಒಂದನೇ ತರಗತಿಯೊಂದರಲ್ಲಿ ಸಂಶೋಧಕರಾದ ಚಾರ್ಲ್ಸ್ ಮ್ಯಾಡ್ಸನ್, ವೆಸ್ಲಿ ಬೆಕರ್ ಮತ್ತು ಸಂಗಡಿಗರು ಕೂತು, ಮಕ್ಕಳು ಎಷ್ಟು ಸಲ ಜಾಗ ಬಿಟ್ಟು ಏಳುತ್ತಾರೆ, ಶಿಕ್ಷಕಿಯರು ಎಷ್ಟು ಸಲ ‘ಕೂತ್ಕೋ’ ಅನ್ನುತ್ತಾರೆ ಎಂದು ಲೆಕ್ಕ ಹಾಕಿದರು. ಕೆಲವು ದಿನ ‘ಕೂತ್ಕೋ’ ಎನ್ನುವುದನ್ನು ಬೇಕೆಂದೇ ಹೆಚ್ಚಿಸಲಾಯಿತು. ಏಳುವ ಮಕ್ಕಳೂ ಹೆಚ್ಚಾದರು. ಕಡಿಮೆ ಮಾಡಿದಾಗ ಏಳುವುದೂ ಇಳಿಯಿತು. ಕೂತು ಬರೆಯುತ್ತಿದ್ದವರನ್ನು ಹೊಗಳತೊಡಗಿದ ಮೇಲೆ ಇನ್ನಷ್ಟು ಇಳಿಯಿತು.

ಶಿಕ್ಷಕಿಯರಿಗೆ ಇದು ತಿಳಿಯದೆ ಇದ್ದುದಕ್ಕೆ ಕಾರಣವಿದೆ. ಗದರಿದ ಕೂಡಲೇ ಮಗು ಕೂರುತ್ತದೆ, ಆ ಕ್ಷಣಕ್ಕೆ ಗದರಿಕೆ ಫಲಿಸಿದಂತೆಯೇ ಕಾಣುತ್ತದೆ. ಆದರೆ ಹೆಸರು ಹಿಡಿದು ಕರೆಸಿಕೊಳ್ಳುವುದೇ ಮಗುವಿಗೆ ಸಿಕ್ಕ ಬಹುಮಾನ. ಸುಮ್ಮನೆ ಕೂತಿದ್ದಾಗ ಯಾರೂ ಅದರತ್ತ ನೋಡಿರಲಿಲ್ಲ.

ಅದೇ ವರ್ಷ ಅದೇ ತಂಡದ ಇನ್ನೊಂದು ಅಧ್ಯಯನ ನಿಯಮ, ಹೊಗಳಿಕೆ, ಕಂಡೂ ಕಾಣದಂತಿರುವುದು, ಈ ಮೂರನ್ನು ಬೇರೆಬೇರೆಯಾಗಿ ತೂಗಿ ನೋಡಿತು. ಗೋಡೆಗೆ ನಿಯಮ ಬರೆದು ಅಂಟಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಸಣ್ಣಪುಟ್ಟ ತಂಟೆಯನ್ನು ಗಮನಿಸದೆ ಬಿಟ್ಟು, ಒಳ್ಳೆಯ ಕೆಲಸವನ್ನು ಆಗಿಂದಾಗ ಹೊಗಳಿದಾಗ ಮಾತ್ರ ತರಗತಿ ಬದಲಾಯಿತು. ಹೊಗಳಿಕೆಯೂ ಯಾವುದಕ್ಕೆ ಎಂದು ಮಗುವಿಗೆ ತಿಳಿಯಬೇಕು. ‘ಜಾಣ’ ಎನ್ನುವುದಕ್ಕಿಂತ ‘ಹೇಳಿದ ಕೂಡಲೇ ಪುಸ್ತಕ ತೆಗೆದೆಯಲ್ಲ, ಚೆನ್ನಾಯಿತು’ ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಹೊಡೆದಾಟ, ಅಣಕಗಳನ್ನು ಹೀಗೆ ಕಾಣದಂತೆ ಬಿಡಲಾಗದು. ಎಲ್ಲ ಚಡಪಡಿಕೆಗೂ ಗಮನದ ಹಸಿವೇ ಕಾರಣವೂ ಅಲ್ಲ. ಪದೇಪದೇ ಎದ್ದು ಮುಂದೆ ಬರುವ ಮಗುವಿಗೆ ಕರಿಹಲಗೆ ಕಾಣಿಸದೆ ಇರಬಹುದು, ಬೆಳಿಗ್ಗೆ ಏನೂ ತಿನ್ನದೆ ಬಂದಿರಬಹುದು, ಪಾಠ ಕೈಗೆ ಎಟುಕದೆ ಇರಬಹುದು. ಇದನ್ನು ಮೊದಲು ವಿಚಾರಿಸಬೇಕು.

ಇಷ್ಟು ಒಬ್ಬ ಶಿಕ್ಷಕರಿಂದ ಆಗುವ ಕೆಲಸ. ಇಡೀ ಶಾಲೆ ಒಂದಾಗಬೇಕು ಎನ್ನುವುದಕ್ಕೆ ಆಧಾರ ಮನೋವಿಜ್ಞಾನಿಗಳಾದ ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಹೊರತಂದ ಸಂಶೋಧನೆಯಲ್ಲಿದೆ. ಪ್ರತಿಸಲವೂ ಫಲ ಕೊಟ್ಟ ನಡವಳಿಕೆ, ಫಲ ನಿಂತೊಡನೆ ಬೇಗ ಮಾಯವಾಗುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಕೊಟ್ಟದ್ದು ಬಹುಕಾಲ ಉಳಿಯುತ್ತದೆ. ಕನ್ನಡದ ಮೇಷ್ಟ್ರು ಕೂಗಾಟವನ್ನು ಗಮನಿಸದೆ ಬಿಟ್ಟು, ಗಣಿತದ ಮೇಡಂ ಗದರಿ, ದೈಹಿಕ ಶಿಕ್ಷಕರು ನಕ್ಕುಬಿಟ್ಟರೆ ಮಗುವಿಗೆ ಸಿಗುವುದು ಇಂಥ ಅನಿಶ್ಚಿತ ಫಲವೇ. ಅಂದರೆ ಹೊಂದಾಣಿಕೆಯಿಲ್ಲದ ಸಿಬ್ಬಂದಿ ತಮಗರಿವಿಲ್ಲದೆ ತಂಟೆಯನ್ನು ಗಟ್ಟಿ ಮಾಡುತ್ತಾರೆ.

ಮಕ್ಕಳನ್ನೇ ಜೊತೆಗೆ ಸೇರಿಸಿಕೊಂಡ ಉಪಾಯವೊಂದನ್ನು ಹ್ಯಾರಿಯೆಟ್ ಬ್ಯಾರಿಷ್, ಮ್ಯೂರಿಯಲ್ ಸಾಂಡರ್ಸ್ ಮತ್ತು ಮಾಂಟ್ರೋಸ್ ವುಲ್ಫ್ 1969ರಲ್ಲಿ ಪ್ರಕಟಿಸಿದರು. ಅದರ ಹೆಸರು ‘ಒಳ್ಳೆಯ ನಡವಳಿಕೆಯ ಆಟ’. ನಾಲ್ಕನೇ ತರಗತಿಯ 24 ಮಕ್ಕಳನ್ನು ಎರಡು ತಂಡ ಮಾಡಲಾಯಿತು. ಅನುಮತಿಯಿಲ್ಲದೆ ಎದ್ದರೆ, ಮಾತಾಡಿದರೆ ಆ ತಂಡದ ಹೆಸರಿನ ಕೆಳಗೆ ಹಲಗೆಯ ಮೇಲೆ ಒಂದು ಗೀಟು. ಕಡಿಮೆ ಗೀಟಿನ ತಂಡ ಗೆದ್ದಂತೆ, ಎರಡೂ ಮಿತಿಯೊಳಗಿದ್ದರೆ ಎರಡೂ ಗೆದ್ದಂತೆ. ಗೆದ್ದವರಿಗೆ ಊಟದ ಸಾಲಿನಲ್ಲಿ ಮೊದಲು ನಿಲ್ಲುವ ಅವಕಾಶ, ದಿನದ ಕೊನೆಗೆ ಇಷ್ಟದ ಕೆಲಸಕ್ಕೆ ಒಂದಿಷ್ಟು ಬಿಡುವು. ಗಣಿತದ ಅವಧಿಯನ್ನು ಪುಟ್ಟ ತುಣುಕುಗಳಾಗಿ ಭಾಗಿಸಿ ನೋಡಿದಾಗ, ಆಟಕ್ಕೆ ಮುಂಚೆ ಶೇ. 96ರಷ್ಟು ತುಣುಕುಗಳಲ್ಲಿ ಯಾರಾದರೊಬ್ಬರು ನಡುವೆ ಮಾತಾಡುತ್ತಿದ್ದರು. ಆಟ ಶುರುವಾದ ಮೇಲೆ ಅದು ಶೇ. 19ಕ್ಕೆ ಇಳಿಯಿತು. ಆಟ ನಿಲ್ಲಿಸಿದಾಗ ಗಲಾಟೆ ಮರಳಿತು, ಮತ್ತೆ ಶುರು ಮಾಡಿದಾಗ ತಗ್ಗಿತು. ಇಬ್ಬರು ಮಕ್ಕಳು ಮಾತ್ರ ಆಡಲು ಒಪ್ಪದೆ ಬೇಕೆಂದೇ ಗೀಟು ಹಾಕಿಸಿದರು. ಒಬ್ಬನ ತಪ್ಪಿಗೆ ಗುಂಪೆಲ್ಲ ಬೆಲೆ ತೆರುವಂತೆ ಮಾಡುವ ಯಾವ ಪದ್ಧತಿಯಲ್ಲೂ ಈ ಅಪಾಯ ಇದ್ದೇ ಇದೆ. ಅಂಥ ಮಗುವಿನ ಮೇಲೆ ಗೆಳೆಯರ ಸಿಟ್ಟು ತಿರುಗದಂತೆ ಶಿಕ್ಷಕರು ಕಾಯಬೇಕು.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸುಗಾಯ್, ರಾಬರ್ಟ್ ಹಾರ್ನರ್ ಮೊದಲಾದವರು ಇಂಥ ತಿಳಿವನ್ನು ಇಡೀ ಶಾಲೆಯ ಪದ್ಧತಿಯಾಗಿ ರೂಪಿಸಿದರು. ಅದರಲ್ಲಿ ಸಿಬ್ಬಂದಿಯೆಲ್ಲ ಸೇರಿ ಮೂರರಿಂದ ಐದು ನಿರೀಕ್ಷೆಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮೆಟ್ಟಿಲ ಮೇಲೆ, ನಲ್ಲಿಯ ಬಳಿ, ಊಟದ ಸಾಲಿನಲ್ಲಿ ಆ ನಿರೀಕ್ಷೆಗೆ ಏನು ಅರ್ಥ ಎಂಬುದನ್ನು ಅಕ್ಷರ ಕಲಿಸಿದಂತೆ ಮಾಡಿ ತೋರಿಸಿ ಕಲಿಸುತ್ತಾರೆ. ಊಟ ಬಡಿಸುವವರೂ ಬಸ್ ಚಾಲಕರೂ ಅದೇ ಮಾತು ಆಡುತ್ತಾರೆ. ಹೆಚ್ಚಿನ ಮಕ್ಕಳಿಗೆ ಇಷ್ಟು ಸಾಕು. ಕೆಲವರಿಗೆ ಸಣ್ಣ ಗುಂಪಿನ ನೆರವು, ಬೆರಳೆಣಿಕೆಯ ಮಂದಿಗೆ ಅವರವರಿಗೇ ಹೊಂದುವ ಯೋಜನೆ ಬೇಕಾಗುತ್ತದೆ.

ಶಿಸ್ತು ಬಂದ ಮಾತ್ರಕ್ಕೆ ಕಲಿಕೆ ಬಂದುಬಿಡುವುದಿಲ್ಲ. ವಿಜ್ಞಾನ ಶಿಕ್ಷಣದ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಕಂಡುಕೊಂಡದ್ದು ಇಲ್ಲಿ ಮುಖ್ಯ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಜಾಣರೆಂದು ತಾವು ಎಣಿಸಿದವರಿಗೆ ಸುಮಾರು ಎರಡು ಸೆಕೆಂಡ್, ಹಿಂದುಳಿದವರೆಂದು ಎಣಿಸಿದವರಿಗೆ 0.9 ಸೆಕೆಂಡ್. ಹೆಚ್ಚು ಹೊತ್ತು ಬೇಕಾಗಿದ್ದ ಮಗುವಿಗೇ ಕಡಿಮೆ ಸಿಗುತ್ತಿತ್ತು. ಶಿಕ್ಷಕರು ಮೂರು ಸೆಕೆಂಡ್ ಕಾಯುವುದನ್ನು ರೂಢಿಸಿಕೊಂಡಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದೆ ನಿಲ್ಲುವವರು ಕಡಿಮೆಯಾದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಶಿಸ್ತಿಗಾಗಿ ಗದರಬೇಕಾದ ಸಂದರ್ಭಗಳೂ ಇಳಿದವು. ಖರ್ಚಿಲ್ಲದ, ಯಾವ ಸಲಕರಣೆಯೂ ಬೇಡದ ಇಷ್ಟು ದೊಡ್ಡ ಬದಲಾವಣೆ ಶಿಕ್ಷಣದಲ್ಲಿ ಅಪರೂಪ.

ಕರ್ನಾಟಕದಲ್ಲಿ ಗಮನವನ್ನು ಹಂಚುವ ಕೆಲಸವನ್ನು ಬೇರೊಂದು ದಾರಿಯಲ್ಲಿ ಮಾಡಿದ್ದು ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಪದ್ಧತಿ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕರೇ ಕಲಿಸುತ್ತಾರೆ, ಇನ್ನೊಂದರಲ್ಲಿ ಸಹಪಾಠಿ ನೆರವಾಗುತ್ತಾನೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನು ಯಾವ ಮೈಲಿಗಲ್ಲಿನಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂದು ಮಗು ತಾನೇ ನೋಡಿಕೊಂಡು ಎದ್ದು ಹೋಗಿ ತರುತ್ತದೆ. ಎದ್ದು ಓಡಾಡುವುದು ಇಲ್ಲಿ ತಂಟೆಯಲ್ಲ, ಕಲಿಕೆಯ ಭಾಗ.

ಅದೇ ಮಗು ನಾಲ್ಕನೇ ತರಗತಿಗೆ ಬಂದಾಗ ಏಣಿಯೂ ಇಲ್ಲ, ತಟ್ಟೆಯೂ ಇಲ್ಲ. ಕರಿಹಲಗೆಗೆ ಮುಖಮಾಡಿದ ಸಾಲಿನಲ್ಲಿ ಕೂರಬೇಕು. ಮೂರು ವರ್ಷ ಸರಿಯಾಗಿದ್ದ ಓಡಾಟ ಒಂದೇ ಬೇಸಿಗೆ ರಜೆ ಕಳೆಯುವಷ್ಟರಲ್ಲಿ ತಪ್ಪಾಗುತ್ತದೆ. ಆದ್ದರಿಂದ ನಲಿ-ಕಲಿಯ ಶಿಕ್ಷಕಿಯೂ ನಾಲ್ಕನೇ ತರಗತಿಯ ಮೇಷ್ಟ್ರೂ ಜೂನ್ ತಿಂಗಳ ಮೊದಲ ವಾರಗಳಲ್ಲಿ ಜೊತೆಗೆ ಕೂತು, ಯಾವ ಮಗು ಯಾವ ಮೈಲಿಗಲ್ಲಿನಲ್ಲಿ ನಿಂತಿತ್ತು, ಎದ್ದು ಓಡಾಡಲು ದಿನದಲ್ಲಿ ಎಲ್ಲಿ ಎಡೆ ಕೊಡಬಹುದು ಎಂದು ಹೆಸರು ಹೆಸರಾಗಿ ಮಾತಾಡಿಕೊಳ್ಳಬೇಕಾಗುತ್ತದೆ.