ಗಿಳಿಮರಿಗೆ ಮಾತು ಬರುವ ಬಗೆ

ಕಳೆದ ಬೇಸಿಗೆ ರಜೆಗೆ ನಮ್ಮ ಮೊಮ್ಮಗ ಪುಣೆಯಿಂದ ಅಕ್ಕಲಕೋಟೆಗೆ ಬಂದಿದ್ದ. ಎಂಟು ವರ್ಷದ ಹುಡುಗ. ಸಂತೆಯ ಮೂಲೆಯಲ್ಲಿ ಒಬ್ಬಾತ ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಗಿಳಿಮರಿ ಮಾರುತ್ತಿದ್ದುದನ್ನು ನೋಡಿ, "ಅಜ್ಜಾ, ನನಗೊಂದು ಮಾತಾಡೋ ಗಿಳಿ ಕೊಡಸು" ಎಂದು ಹಟ ಹಿಡಿದ. ನಲವತ್ತೈದು ವರ್ಷ ಅಂಗಡಿಯಲ್ಲಿ ಕುಳಿತ ನಮಗೆ ಗಿರಾಕಿಗೆ ಇಲ್ಲವೆನ್ನುವುದು ರೂಢಿ. ಮೊಮ್ಮಗನಿಗೆ ಇಲ್ಲವೆನ್ನುವುದು ಕಷ್ಟ. ಆದರೂ ಇಲ್ಲ ಎಂದೆವು. ಯಾಕೆ ಎಂದು ಕೇಳಿದ. ಅದಕ್ಕೆ ಉತ್ತರ ಹೇಳಲು ಮೂರು ಸಂಜೆ ಬೇಕಾದವು. ಮನೆಯಲ್ಲಿ ಮಕ್ಕಳಿರುವ ಬಂಧುಗಳಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಬರೆದಿದ್ದೇವೆ.

ನಾವು ಸಣ್ಣವರಿದ್ದಾಗ ನಮ್ಮ ಮನೆಯಲ್ಲೂ ಗಿಳಿ ಇತ್ತು. 1967-68ರ ಸುಮಾರಿನ ಮಾತು. ಮುಂದೆ ಅಡತಿ ಅಂಗಡಿ, ಹಿಂದೆ ಮನೆ, ನಡುವಿನ ಪಡಸಾಲೆಯಲ್ಲಿ ಪಂಜರ. ರೆಕ್ಕೆ ಪೂರ್ತಿ ಬಲಿಯದ ಮರಿಯನ್ನು ಯಾರೋ ತಂದುಕೊಟ್ಟಿದ್ದರು. ಆಯಿ ಅದಕ್ಕೆ ಹೆಸರುಬೇಳೆ ನೆನೆಸಿ ತಿನ್ನಿಸುತ್ತಿದ್ದಳು. ಕೂಸುಗಳಿಗೆ ಬೇಗ ಮಾತು ಬರಲೆಂದು ಬಜೆ ತೇಯ್ದು ನೆಕ್ಕಿಸುತ್ತಾರಲ್ಲ, ಹಾಗೆಯೇ ಗಿಳಿಯ ಕೊಕ್ಕಿಗೂ ಬಜೆ ಹಚ್ಚಿದಳು. ಹಸಿಮೆಣಸಿನಕಾಯಿ ತಿಂದರೆ ನಾಲಿಗೆ ತಿರುಗುತ್ತದೆಂದು ಓಣಿಯವರು ಹೇಳಿದರು, ಅದನ್ನೂ ಕೊಟ್ಟಳು. ಆರು ತಿಂಗಳು ಅದು ಒಂದು ಮಾತೂ ಆಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಣ್ಣು ಅರೆಮುಚ್ಚಿ, ಗಂಟಲೊಳಗೇ ಏನೋ ಗುಣುಗುಣು ಎನ್ನುತ್ತಿತ್ತು, ಅಷ್ಟೇ.

ಆ ಗುಣುಗುಣು ಏನೆಂಬುದು ನಮಗೆ ತಿಳಿದದ್ದು ಈಗ. ನಾವು ಮ್ಯಾಟ್ರಿಕ್‌ವರೆಗೆ ಓದಿದವರು. ನಮ್ಮ ಸೊಸೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಆಕೆ ಓದಿ ತಿಳಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ನಮ್ಮ ಧ್ವನಿ ಹುಟ್ಟುವುದು ಗಂಟಲಿನ ಮೇಲ್ಭಾಗದಲ್ಲಿರುವ ಧ್ವನಿತಂತುಗಳಿಂದ. ಹಕ್ಕಿಗಳಿಗೆ ಹಾಗಿಲ್ಲ. ಶ್ವಾಸನಾಳವು ಎದೆಯೊಳಗೆ ಇಳಿದು ಎರಡಾಗಿ ಕವಲೊಡೆಯುವಲ್ಲಿ ಅವುಗಳಿಗೆ ಸಿರಿಂಕ್ಸ್ ಎಂಬ ಅಂಗವಿದೆ. ಅಲ್ಲಿಯ ತೆಳುಪೊರೆಗಳು ಉಸಿರಿನ ಗಾಳಿಗೆ ಅದುರಿ ಸದ್ದಾಗುತ್ತದೆ. ಗಿಳಿಯ ನಾಲಿಗೆ ದಪ್ಪ, ಮಾಂಸಲ. ಅದನ್ನು ಹಿಂದೆ ಮುಂದೆ ಸರಿಸಿ ಆ ಸದ್ದಿಗೆ ರೂಪ ಕೊಡುತ್ತದೆ. ತುಟಿಯಿಲ್ಲದಿದ್ದರೂ ನಮ್ಮ ಕಿವಿಗೆ 'ಬಾ' ಎಂದೇ ಕೇಳುವಂತೆ ನುಡಿಯುತ್ತದೆ. ಹೀಗಿರುವಾಗ ಬಜೆ, ಮೆಣಸಿನಕಾಯಿಗಳಿಂದ ಆಗುವುದೇನೂ ಇಲ್ಲ. ಹಕ್ಕಿಗಳಿಗೆ ಮೆಣಸಿನ ಖಾರವೇ ತಾಗುವುದಿಲ್ಲವಂತೆ! ಕೆಲವರು ನಾಲಿಗೆ ಕೆರೆದರೆ ಮಾತು ಬರುತ್ತದೆಂದು ಹೇಳುವುದುಂಟು. ಅದು ಶುದ್ಧ ಸುಳ್ಳು, ಮಹಾಪಾಪ.

ಅಂಗವಿದ್ದರೆ ಸಾಲದು, ಕಲಿಯುವ ಬುದ್ಧಿಯೂ ಬೇಕು. ಕೋಳಿಮರಿ ಯಾರ ದನಿ ಕೇಳದೆ ಬೆಳೆದರೂ ಕೋಳಿಯಂತೆಯೇ ಕೂಗುತ್ತದೆ. ಗಿಳಿ ಕೇಳಿ ಕಲಿಯುವ ಜಾತಿ. ಹಾಡುಹಕ್ಕಿಗಳು, ಝೇಂಕಾರ ಹಕ್ಕಿಗಳು ಮತ್ತು ಗಿಳಿಗಳು, ಪಕ್ಷಿಗಳಲ್ಲಿ ಈ ಮೂರು ಕುಲಗಳಿಗೆ ಮುಖ್ಯವಾಗಿ ಈ ಶಕ್ತಿ ಇದೆ. ವೆನೆಜುವೆಲಾ ದೇಶದಲ್ಲಿ ಪುಟ್ಟ ಹಸಿರು ಗಿಳಿಗಳ ಗೂಡಿನೊಳಗೆ ಕ್ಯಾಮರಾ ಇಟ್ಟು ವಿಜ್ಞಾನಿಗಳು ವರ್ಷಗಟ್ಟಲೆ ನೋಡಿದರು. ಅಲ್ಲಿ ಪ್ರತಿ ಗಿಳಿಗೂ ತನ್ನದೇ ಒಂದು ಕರೆ ಉಂಟು, ನಮಗೆ ಹೆಸರಿದ್ದ ಹಾಗೆ. ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದು ಗೂಡಿನಲ್ಲಿಟ್ಟು ನೋಡಿದಾಗ ಮರಿಗಳ ಕರೆ ಹೆತ್ತವರದನ್ನು ಹೋಲಲಿಲ್ಲ, ಸಾಕಿದವರದನ್ನು ಹೋಲಿತು. ಇದು 2011ರಲ್ಲಿ ಪ್ರಕಟವಾಯಿತು. ಅದೇ ಗಿಳಿಮರಿಗಳು ಗೂಡಿನಲ್ಲಿದ್ದಾಗ ನಮ್ಮ ಕೂಸುಗಳಂತೆ ತೊದಲುತ್ತವೆಂದು 2022ರಲ್ಲಿ ತಿಳಿಯಿತು. ನಮ್ಮ ಪಡಸಾಲೆಯ ಗಿಳಿ ಸಂಜೆ ಮಾಡುತ್ತಿದ್ದ ಗುಣುಗುಣು ಇಂಥದೇ ತೊದಲು. ಸಾಕಿದ ಮರಿ ದಿನವೆಲ್ಲ ಕೇಳಿದ್ದನ್ನು ಮಲಗುವ ಮುಂಚೆ ತನ್ನಷ್ಟಕ್ಕೆ ಹೇಳಿ ನೋಡುತ್ತದೆ. ಮೊದಲು ಸಿಳ್ಳೆ, ಆಮೇಲೆ ಮಾತಿನ ಏರಿಳಿತ, ಕೊನೆಗೆ ಅಕ್ಷರ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮಾತು ತಿಳಿಯಾಗುತ್ತದೆ. ಕೆಲವು ಗಿಳಿಗಳು ಜನ್ಮದಲ್ಲೂ ಮಾತಾಡುವುದಿಲ್ಲ.

ಯಾವ ಮಾತನ್ನು ಅದು ಹಿಡಿಯುತ್ತದೆ? ನಾವು ಕಲಿಸಬೇಕೆಂದುಕೊಂಡದ್ದನ್ನಲ್ಲ. ನಿತ್ಯ ಅದೇ ಹೊತ್ತಿಗೆ, ಮನಸ್ಸು ಹಾಕಿ, ಒಬ್ಬರಿಗೊಬ್ಬರು ಆಡಿದ ಮಾತನ್ನು ಬೇಗ ಹಿಡಿಯುತ್ತದೆ. ಅಮೆರಿಕೆಯ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಲೆಕ್ಸ್ ಎಂಬ ಆಫ್ರಿಕದ ಬೂದುಗಿಳಿಯನ್ನು ಕೊಂಡು ಮೂವತ್ತು ವರ್ಷ ಕಲಿಸಿದರು. ಅದರೆದುರು ಇಬ್ಬರು ಕುಳಿತು ಒಂದು ವಸ್ತುವನ್ನು ತೋರಿಸಿ ಕೇಳುವುದು, ಹೇಳುವುದು. ಸರಿ ಹೇಳಿದವರಿಗೆ ಆ ವಸ್ತುವೇ ಬಹುಮಾನ. ಇದು ಅವರ ಕ್ರಮ. 2007ರಲ್ಲಿ ಸಾಯುವ ಹೊತ್ತಿಗೆ ಅಲೆಕ್ಸ್ ನೂರಕ್ಕೂ ಹೆಚ್ಚು ಶಬ್ದ ಬಲ್ಲದಾಗಿತ್ತು. ಬಣ್ಣ, ಆಕಾರ, ಎಣಿಕೆ ಹೇಳುತ್ತಿತ್ತು. ಬರೀ ಟೇಪ್ ಹಚ್ಚಿಟ್ಟರೆ ಗಿಳಿ ಹೀಗೆ ಕಲಿಯುವುದಿಲ್ಲವೆಂದೂ ಅವರು ಕಂಡರು.

ನಮ್ಮ ಆಯಿ "ಜೈ ಜಿನೇಂದ್ರ" ಎಂದು ಕಲಿಸಲು ವರ್ಷವಿಡೀ ಹೆಣಗಿದಳು. ಗಿಳಿ ಕಲಿತದ್ದು ಬೇರೆ. ಮೊದಲು ನುಡಿದದ್ದು "ಲಾಭಾ, ಎರಡಾ, ಮೂರಾ" ಎಂದು. ಅಪ್ಪ ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. ಹಳೆಯ ವ್ಯಾಪಾರಿಗಳಿಗೆ ಈ ರೂಢಿ ಗೊತ್ತು. ಆಮೇಲೆ ಮರಾಠಿ ಗಿರಾಕಿಗಳಿಗೆ "ಯಾ, ಬಸಾ" ಎಂದಿತು. ಒಮ್ಮೆ ತಾಲೂಕಿನ ಸಾಹೇಬರು ಬಂದು ಕೂತಾಗ ಅಪ್ಪನದೇ ದನಿಯಲ್ಲಿ "ಬಾಕಿ ಎಂದ ಕೊಡ್ತೀ?" ಎಂದು ಕೇಳಿತು. ಅಪ್ಪ ನೆಲ ನೋಡಿದರು, ಸಾಹೇಬರು ನಕ್ಕರು.

ಮೂರನೆಯ ಮಾತು ಆಯಿಯದು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ನಾವು ಆಟದ ಹುಚ್ಚಿನಲ್ಲಿ ಬಯಲಲ್ಲಿ ಇರುತ್ತಿದ್ದೆವು. ಆಯಿ ಹಿತ್ತಲ ಬಾಗಿಲಲ್ಲಿ ನಿಂತು ದಿನಾ ಕೂಗುತ್ತಿದ್ದಳು: "ಬಾಳಾ, ಹೊತ್ತು ಮುಳಗತೈತಿ, ಉಣ್ಣಾಕ ಬಾ." ಗಿಳಿಯೂ ಹಾಗೆಯೇ ಕೂಗತೊಡಗಿತು. ಯಾರು ಕರೆದರೆಂದು ಎಷ್ಟೋ ಸಲ ನಾವು ಮೋಸಹೋದೆವು.

1973ರಲ್ಲಿ ಆಯಿ ತೀರಿಕೊಂಡಳು. ಮೂರನೆಯ ದಿನ ಸಂಜೆ, ಮನೆಯಲ್ಲಿ ಎಲ್ಲರೂ ಸುಮ್ಮನೆ ಕುಳಿತಿದ್ದಾಗ, ಪಡಸಾಲೆಯಿಂದ ಆಯಿಯ ದನಿ ಬಂತು. "ಬಾಳಾ, ಹೊತ್ತು ಮುಳಗತೈತಿ..." ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪ್ಪ ಎದ್ದು ಪಂಜರಕ್ಕೆ ಧೋತರ ಹೊದಿಸಿದರು. ಮರುದಿನವೂ ಅದೇ ಹೊತ್ತಿಗೆ ಅದೇ ಕೂಗು. ತಿಂಗಳಾದ ಮೇಲೆ ಅಪ್ಪ, "ಇದನ್ನ ಕಟ್ಟಿ ಹಾಕಿದ್ದು ನಮ್ಮ ತಪ್ಪು" ಎಂದು ಪಂಜರವನ್ನು ಹಿತ್ತಲಿಗೆ ಒಯ್ದು ಬಾಗಿಲು ತೆಗೆದರು. ಐದಾರು ವರ್ಷ ಕೋಲಿನ ಮೇಲೆ ಕುಳಿತ ಹಕ್ಕಿ. ನಾಲ್ಕು ಮಾರು ಹಾರಿ ಗೋಡೆಗೆ ತಗುಲಿ ಬಿತ್ತು. ನಾವು ಓಡಿ ಹೋಗುವಷ್ಟರಲ್ಲಿ ಬೆಕ್ಕು ಒಯ್ದಿತ್ತು.

ಇದನ್ನು ಮೊಮ್ಮಗನಿಗೆ ಹೇಳುವಾಗ ನಮ್ಮ ಗಂಟಲು ಕಟ್ಟಿತು. ಅವನು ಕೇಳಿದ, "ಅದು ಯಾರನ್ನ ಕರೀತಿತ್ತು ಅಜ್ಜಾ?" ನಮಗೆ ಈಗ ಅನ್ನಿಸುವುದು ಇಷ್ಟು. ಕಾಡಿನ ಗಿಳಿ ತನ್ನ ಹಿಂಡಿನವರ ಕರೆ ಕಲಿಯುವುದು ಹಿಂಡಿನಿಂದ ಅಗಲದಿರಲಿಕ್ಕೆ. ಹಿಂಡಿನಿಂದ ಕಿತ್ತು ತಂದಾಗ ಅದಕ್ಕೆ ನಾವೇ ಹಿಂಡು. ನಮ್ಮ ಕರೆಯನ್ನೇ ಕಲಿಯುತ್ತದೆ. ನಾವು ಜಾಣತನವೆಂದು ಚಪ್ಪಾಳೆ ತಟ್ಟುವ ಮಾತು ಅದರ ಪಾಲಿಗೆ ಒಂಟಿತನದ ಕೂಗು.

ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಅಂದರೆ ಕಟ್ಟಿ ಹಾಕುವುದು, ಮೂರನೆಯದು ಛೇದ. ರೆಕ್ಕೆ ಕತ್ತರಿಸುವುದು ಅದರಲ್ಲೇ ಬರುತ್ತದೆ. ದಿಲ್ಲಿಯ ಲಾಲ್ ಮಂದಿರದಲ್ಲಿ ನಮ್ಮ ಸಮಾಜದವರು ಗಾಯಗೊಂಡ ಹಕ್ಕಿಗಳಿಗೆ ಆಸ್ಪತ್ರೆಯನ್ನೇ ನಡೆಸುತ್ತಾರೆ. ಅಂಥ ಸಮಾಜದ ಪಡಸಾಲೆಯಲ್ಲಿ ಪಂಜರ ತೂಗಬಾರದು. ಕಾಯ್ದೆಯೂ ಹಾಗೆಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟು ಸಾಕುವುದು ಅಪರಾಧ. ಕೊಳ್ಳುವವರಿದ್ದಾರೆಂದೇ ಮರದ ಪೊಟರೆಯಿಂದ ಮರಿ ಕೀಳುವವರಿದ್ದಾರೆ. ಇದು ವ್ಯಾಪಾರಿಯಾದ ನಮಗೆ ಯಾರೂ ಹೇಳಿಕೊಡಬೇಕಾದ ಲೆಕ್ಕವಲ್ಲ. ಈಗಾಗಲೇ ಮನೆಯಲ್ಲಿ ಗಿಳಿಯಿದ್ದರೆ ನಮ್ಮ ಅಪ್ಪ ಮಾಡಿದಂತೆ ಅವಸರದಿಂದ ಬಾಗಿಲು ತೆಗೆಯಬೇಡಿ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿರಿ.

ಮೊಮ್ಮಗನಿಗೆ ಗಿಳಿ ಕೊಡಿಸಲಿಲ್ಲ. ಇಬ್ಬರೂ ಸೇರಿ ಮಾಳಿಗೆಯ ಮೇಲೆ ಮಣ್ಣಿನ ಪರಿಯಾಣದಲ್ಲಿ ನೀರಿಟ್ಟೆವು. ನಾಲ್ಕನೆಯ ದಿನ ಎರಡು ಗಿಳಿ ಬಂದವು, ಆಮೇಲೆ ಏಳೆಂಟು. ಸಂಜೆ ಅವೆಲ್ಲ ಊರ ಹೊರಗಿನ ಆಲದ ಮರಕ್ಕೆ ಗದ್ದಲ ಮಾಡುತ್ತ ಹೋಗುವುದನ್ನು ನೋಡುತ್ತ, "ಏನಂತಾವ ಅಜ್ಜಾ?" ಎಂದು ಕೇಳಿದ.

"ಹೊತ್ತು ಮುಳಗತೈತಿ ಬಾ ಅಂತಾವ" ಎಂದೆವು. ಆಮೇಲೆ ಇಬ್ಬರೂ ಉಣ್ಣಲು ಕೆಳಗಿಳಿದೆವು.