ಬುದ್ಧಹಸ್ತವೆಂಬ ಮಾದಲ

ಬಾವಿಯ ಬಳಿಯಲ್ಲಿ ನಿಂಬೆಯ ಗಿಡವೊಂದನ್ನು ಬೆಳೆಯಿಸುವುದು ನಮ್ಮ ಕರಾವಳಿಯ ಗೃಹಸ್ಥರ ಹಳೆಯ ಪದ್ಧತಿ. ಪಾನಕಕ್ಕೂ ಉಪ್ಪಿನಕಾಯಿಗೂ ಅದು ಒದಗುವುದು. ಅದೇ ಕುಲದ, ಆದರೆ ಹನಿ ರಸವನ್ನೂ ಕೊಡದ ಗಿಡವೊಂದನ್ನು ಸಾಕಿರೆಂದರೆ ಗೃಹಿಣಿಯರು ನಗಬಹುದು. ಆದರೂ ಅಂತಹ ಗಿಡವೊಂದನ್ನು ವಾಚಕರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ. ಅದರ ಹೆಸರು ಬುದ್ಧಹಸ್ತ.

ಇದು ಮಾದಲದ ಒಂದು ಭೇದ. ಮಾದಲವು ನಮಗೆ ಹೊಸತಲ್ಲ. ಬೀಜಪೂರ, ಮಾತುಲುಂಗವೆಂಬ ಹೆಸರುಗಳು ಅಮರಕೋಶದಲ್ಲಿಯೇ ಉಂಟು. ಮಹಾಗಣಪತಿಯ ಕೈಯಲ್ಲಿಯೂ ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿಯೂ ಇರುವುದು ಈ ಫಲವೇ. ಗ್ರೀಕ್ ಪಂಡಿತನಾದ ಥಿಯೊಫ್ರಾಸ್ಟಸನು ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿ ಇದನ್ನು ಮೀಡಿಯಾ ದೇಶದ ಹಣ್ಣೆಂದು ವರ್ಣಿಸಿ, ಬಟ್ಟೆಗಳ ನಡುವೆ ಇಟ್ಟರೆ ಹುಳು ಹಿಡಿಯದೆಂದು ಬರೆದನು. ೧೭೫೩ರಲ್ಲಿ ಲಿನ್ನೇಯಸನು ‘ಸಿಟ್ರಸ್ ಮೆಡಿಕಾ’ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ಇಲ್ಲಿ ‘ಮೆಡಿಕಾ’ ಎಂದರೆ ಮೀಡಿಯಾ ದೇಶದ್ದೆಂದು ಅರ್ಥವೇ ಹೊರತು ಔಷಧವೆಂದಲ್ಲ.

ಸಾಮಾನ್ಯ ಮಾದಲದಲ್ಲಿ ತೊಳೆಗಳು ಕೂಡಿಕೊಂಡು ಹಣ್ಣು ಉಂಡೆಯಾಗುವುದು. ಬುದ್ಧಹಸ್ತದಲ್ಲಾದರೋ ಹೂವಿನಲ್ಲಿಯೇ ಅವು ಬೇರ್ಪಟ್ಟು, ಒಂದೊಂದೂ ಬೆರಳಿನಂತೆ ನೀಳವಾಗುವುದು. ಆದುದರಿಂದಲೇ ಚೀನೀಯರು ಇದನ್ನು ಬುದ್ಧನ ಕೈಯೆಂದು ಕರೆದರು. ಹಸಿರಾದ ಕಾಯಿಯು ಮಾಗಿದಾಗ ಹೊಂಬಣ್ಣವನ್ನು ತಾಳುವುದು. ಒಳಗೆ ರಸವೂ ಇಲ್ಲ, ತಿರುಳೂ ಇಲ್ಲ. ಪರಿಮಳವೇ ಅದರ ಸರ್ವಸ್ವ. ಒಂದು ಹಣ್ಣನ್ನು ತಟ್ಟೆಯಲ್ಲಿಟ್ಟರೆ ಕೋಣೆಯೆಲ್ಲ ಕಮ್ಮಗಿರುವುದು. ಸಿಪ್ಪೆಯ ಒಳಗಣ ಬಿಳಿಯ ಭಾಗವು ಅಷ್ಟಾಗಿ ಕಹಿಯಿಲ್ಲದ್ದರಿಂದ ಸಕ್ಕರೆಯ ಪಾಕದಲ್ಲಿ ಹಾಕಿಡಲೂಬಹುದು.

ಇಲ್ಲೊಂದು ವಿನೋದವುಂಟು. ಬೀಜಪೂರವೆಂದರೆ ಬೀಜಗಳಿಂದ ತುಂಬಿದುದು. ಬುದ್ಧಹಸ್ತದಲ್ಲಿಯೋ ಬಹುಮಟ್ಟಿಗೆ ಬೀಜವೇ ಇರದು. ಆದಕಾರಣ ಇದರ ಸಂತತಿಯು ಮನುಷ್ಯನ ಕೈಯಿಂದಲೇ ಮುಂದುವರಿಯಬೇಕು. ಗೇಣುದ್ದದ ಬಲಿತ ಗೆಲ್ಲಿನ ತುಂಡನ್ನು ಮರಳಿನಲ್ಲಿ ಊರಿ, ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಂಡರೆ ಬೇರು ಬಿಡುವುದು. ಬೇರೆ ಹುಳಿಜಾತಿಯ ಗಿಡಕ್ಕೆ ಕಸಿ ಕಟ್ಟುವುದೂ ಉಂಟು.

ನಂತೂರಿನಂತಹ ಮುರಕಲ್ಲಿನ ನೆಲದಲ್ಲಿ ಇದನ್ನು ನೆಡುವವರು ಒಂದು ಮಾತನ್ನು ಮರೆಯಬಾರದು. ಕಲ್ಲಿನಲ್ಲಿ ತೋಡಿದ ಗುಂಡಿಯು ಆಷಾಢದ ಮಳೆಯಲ್ಲಿ ಕೊಳವಾಗುವುದು. ನೀರು ನಿಂತರೆ ಬೇರು ಉಸಿರುಗಟ್ಟಿ ಕೊಳೆಯುವುದು. ಆದುದರಿಂದ ಕೆಮ್ಮಣ್ಣು, ಮರಳು, ಹಳೆಯ ಹಟ್ಟಿಗೊಬ್ಬರಗಳನ್ನು ಕೂಡಿಸಿ, ಮೊಣಕಾಲೆತ್ತರದ ದಿಬ್ಬವನ್ನು ಮಾಡಿ ಅದರ ಮೇಲೆ ನೆಡತಕ್ಕದ್ದು. ೬೬ನೆಯ ರಾಷ್ಟ್ರೀಯ ಹೆದ್ದಾರಿ ಹಾಯುವ ಈ ಊರಿನಲ್ಲಿ ಅಂಗಳವಿಲ್ಲದ ಮನೆಗಳೂ ಅನೇಕ. ಅಂತಹವರಿಗೆ ತಳದಲ್ಲಿ ತೂತುಗಳುಳ್ಳ ದೊಡ್ಡ ಕುಂಡವೇ ಸಾಕು. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಬೇಕು. ಗಿಡಕ್ಕೆ ಚೂಪಾದ ಮುಳ್ಳುಗಳಿರುವುದರಿಂದ ಮಕ್ಕಳು ಓಡಾಡುವ ದಾರಿ ಬೇಡ. ಈ ಜಾತಿಯು ಹಿಮವನ್ನು ಸಹಿಸದು. ಆ ಭಯವು ಕರಾವಳಿಯಲ್ಲಿಲ್ಲ.

ಚಿಗುರನ್ನು ನಿಂಬೆಯ ಚಿಟ್ಟೆಯ ಹುಳುಗಳು ತಿಂದುಬಿಡುವುವು. ಎಳೆಯ ಹುಳುವು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಕಣ್ಣಿಗೆ ಮೋಸವಾಗುವುದು. ಬೆಳಗ್ಗೆ ಎಲೆಗಳನ್ನು ನೋಡಿ ಕೈಯಿಂದಲೇ ಆರಿಸಿ ತೆಗೆಯಬೇಕು. ಮಳೆಗಾಲದಲ್ಲಿ ಎಲೆಗಳ ಮೇಲೆ ಕಜ್ಜಿಯಂತಹ ಕಲೆಗಳೆದ್ದರೆ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣವೇ ಇದಕ್ಕೂ ಉಪಾಯ. ಕಾಯಿಗಳು ಭಾರವಾದಾಗ ಗೆಲ್ಲಿಗೆ ಊರುಗೋಲನ್ನು ಕೊಡತಕ್ಕದ್ದು.

ಗಿಡವು ಬಲಿತ ಮೇಲೆ ವರ್ಷಕ್ಕೆರಡು ಗೆಲ್ಲುಗಳನ್ನಾದರೂ ನೆರೆಯವರಿಗೆ ಕೊಡಿರಿ. ಬೀಜವಿಲ್ಲದ ಗಿಡವನ್ನು ಒಂದೇ ಅಂಗಳದಲ್ಲಿ ಬಚ್ಚಿಟ್ಟವನು, ಒಂದು ಜೋರು ಮಳೆಗಾಲದಲ್ಲಿ ಅದನ್ನು ಪೂರ್ಣವಾಗಿ ಕಳೆದುಕೊಳ್ಳುವನು. ಹಂಚಿದವನು ತನ್ನ ಗಿಡವು ಸತ್ತರೂ ನೆರೆಮನೆಯಿಂದ ಒಂದು ತುಂಡನ್ನು ತಂದು ಮತ್ತೆ ಊರಬಲ್ಲನು.