ನೀರಿನೊಳಗೆ ಉಸಿರಾಟ: ಕೊಳವೆಯೊಂದೇ ಸಾಲದೇಕೆ?

ಮುಧೋಳದ ಕವಿ ರನ್ನನು ಹತ್ತನೆಯ ಶತಮಾನದಲ್ಲಿ ರಚಿಸಿದ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿ ಕುಳಿತ ಪ್ರಸಂಗವನ್ನು ನೀವು ಓದಿರಬಹುದು. ಮಂತ್ರವನ್ನರಿಯದ ಇಂದಿನ ಹುಡುಗನಿಗೆ ಅದೇ ಆಸೆ ಹುಟ್ಟಿದರೆ ಅವನು ಏನು ಮಾಡಿಯಾನು? ಕಮತಗಿಯ ಬಳಿ ಹರಿಯುವ ಮಲಪ್ರಭೆಯ ಮಡುವನ್ನೋ ತೋಟದ ಬಾವಿಯನ್ನೋ ಕಂಡಾಗ ಅವನಿಗೆ ಹೊಳೆಯುವ ಉಪಾಯ ಬಹುಶಃ ಒಂದೇ. ತೋಟಕ್ಕೆ ನೀರು ಬಿಡುವ ಕೊಳವೆಯ ಒಂದು ತುದಿಯನ್ನು ಬೆಂಡಿಗೆ ಕಟ್ಟಿ ತೇಲಿಬಿಟ್ಟು, ಇನ್ನೊಂದನ್ನು ಬಾಯಲ್ಲಿ ಕಚ್ಚಿ ಹಿಡಿದು ಕೆಳಗಿಳಿಯುವುದು! ಉಪಾಯವೇನೋ ಸುಲಭವಾಗಿಯೇ ತೋರುತ್ತದೆ. ಆದರೆ ಎರಡು ಮೀಟರು ಆಳದಲ್ಲಿ ಅದರಿಂದ ಒಂದು ಉಸಿರನ್ನೂ ಎಳೆಯಲಾಗುವುದಿಲ್ಲ.

ಇದೇಕೆಂಬುದನ್ನು ತಿಳಿಯಲು ಮಲಪ್ರಭೆಯ ಜೊತೆಯಲ್ಲಿಯೇ ಕೆಳಗೆ ಸಾಗಿ, ಅದು ಕೃಷ್ಣೆಯನ್ನು ಕೂಡುವ ಕೂಡಲಸಂಗಮಕ್ಕೆ ಹೋಗೋಣ. ಅಲ್ಲಿ ಬಸವಣ್ಣನವರ ಐಕ್ಯಮಂಟಪವು ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ನಿಂತವನ ಹೊರಗಡೆ, ಹಿನ್ನೀರು ತುಂಬಿದ್ದಾಗ, ಅವನ ತಲೆಗಿಂತ ಎತ್ತರಕ್ಕೆ ನೀರಿರುತ್ತದೆ. ಆದರೂ ಅವನು ಸುಖವಾಗಿ ಉಸಿರಾಡುತ್ತಾನೆ. ಏಕೆಂದರೆ ನೀರಿನ ಒತ್ತಡವನ್ನೆಲ್ಲ ಗೋಡೆಯು ಹೊತ್ತಿದೆ. ಕೊಳವೆ ಕಚ್ಚಿ ಮುಳುಗಿದ ಹುಡುಗನ ಪುಪ್ಪುಸಗಳಲ್ಲಿಯೂ ಹೊರಗಿನ ಸಾಮಾನ್ಯ ಗಾಳಿಯೇ ಇದೆ. ಆದರೆ ಇಲ್ಲಿ ಗೋಡೆಯ ಕೆಲಸವನ್ನು ಅವನ ಪಕ್ಕೆಲುಬುಗಳೇ ಮಾಡಬೇಕು!

ಲೆಕ್ಕ ಹಾಕಿ ನೋಡೋಣ. ಒಂದು ಮೀಟರು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಭಾರ ಹೇರುತ್ತದೆ. ಎದೆಯ ಮುಂಭಾಗವು 30 ಸೆಂಟಿಮೀಟರು ಉದ್ದ, ಅಷ್ಟೇ ಅಗಲವೆಂದು ಹಿಡಿದರೆ 900 ಚದರ ಸೆಂಟಿಮೀಟರು. ಅದರ ಮೇಲಿನ ಭಾರ 90 ಕಿಲೋಗ್ರಾಂ. ಒಂದು ಕ್ವಿಂಟಲ್ ಜೋಳದ ಚೀಲಕ್ಕೆ ಹತ್ತು ಕಿಲೋ ಮಾತ್ರ ಕಡಿಮೆ! ಪ್ರತಿ ಉಸಿರಿಗೂ ಎದೆಯು ಈ ಚೀಲವನ್ನು ಎತ್ತಬೇಕು. ಹಾಗಾದರೆ ಬರಿಯ ಉಸಿರು ಕಟ್ಟಿ ಮುಳುಗುವ ಈಜುಗಾರನಿಗೆ ಈ ಕಷ್ಟವೇಕಿಲ್ಲ? ಅವನ ಎದೆಯೊಳಗಿನ ಗಾಳಿಯು ಹೊರಗೆ ಹೋಗಲು ದಾರಿಯಿಲ್ಲದೆ ತಾನೂ ಕುಗ್ಗಿ, ಹೊರಗಿನ ನೀರಿನ ಒತ್ತಡಕ್ಕೆ ಸಮನಾಗುತ್ತದೆ. ಕೊಳವೆಯು ಆ ದಾರಿಯನ್ನು ತೆರೆದುಬಿಡುವುದೇ ಕೇಡಿಗೆ ಮೂಲ.

ಇನ್ನೊಂದು ತೊಡಕೂ ಉಂಟು. ಎರಡು ಸೆಂಟಿಮೀಟರು ವ್ಯಾಸದ, ಎರಡು ಮೀಟರು ಉದ್ದದ ಕೊಳವೆಯಲ್ಲಿ ಸುಮಾರು 630 ಘನ ಸೆಂಟಿಮೀಟರು ಗಾಳಿ ಹಿಡಿಯುತ್ತದೆ. ನಾವು ವಿಶ್ರಾಂತಿಯಲ್ಲಿರುವಾಗ ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು 500. ಅಂದರೆ ಬಿಟ್ಟ ಉಸಿರು ಕೊಳವೆಯನ್ನು ದಾಟಿ ಹೊರಹೋಗುವ ಮೊದಲೇ ಅದನ್ನೇ ಮತ್ತೆ ಎಳೆದಂತಾಯಿತು. ಇಂಗಾಲಾಮ್ಲವಾಯು ಹೆಚ್ಚುತ್ತ ಹೋಗಿ ತಲೆ ಸುತ್ತುತ್ತದೆ. ನೀರಿನ ಮೇಲ್ಮೈಯಲ್ಲಿ ಈಜುವವರ ಉಸಿರುಗೊಳವೆಯು ಒಂದು ಮೊಳಕ್ಕಿಂತ ಉದ್ದವಿರದಿರುವುದು ಇವೆರಡು ಕಾರಣಗಳಿಂದಲೇ.

ಆದುದರಿಂದ ನೀರಿನೊಳಗೆ ಬೇಕಾದದ್ದು ಬರಿಯ ಗಾಳಿಯಲ್ಲ, ಸುತ್ತಲಿನ ನೀರಿನಷ್ಟೇ ಒತ್ತಡವುಳ್ಳ ಗಾಳಿ. ಬೋರಲು ಹಾಕಿ ಮುಳುಗಿಸಿದ ಕೊಡದೊಳಗಿನ ಗಾಳಿ ಇಂತಹದು. ಕೆಳಗಿನ ಬಾಯಿ ತೆರೆದಿರುವುದರಿಂದ ಅದು ತಾನಾಗಿಯೇ ಕುಗ್ಗಿ ಸಮವಾಗುತ್ತದೆ. ಧೂಮಕೇತುವಿನಿಂದ ಹೆಸರಾದ ಹ್ಯಾಲಿ 1691ರಲ್ಲಿ ಮುಳುಗುಗಂಟೆಯನ್ನು ಮಾಡಿದ್ದು ಈ ತತ್ತ್ವದ ಮೇಲೆಯೇ. ಬೆನ್ನಿಗೆ ಕಟ್ಟಿಕೊಂಡು ಹೋಗಬಹುದಾದ ಹೆಸರಾಂತ ಸಾಧನವೊಂದು ಕೈಗೂಡಿದ್ದು 1943ರಲ್ಲಿ. ಯುದ್ಧಕಾಲದ ಫ್ರಾನ್ಸಿನಲ್ಲಿ ಪೆಟ್ರೋಲು ಸಿಗದೆ ಮೋಟಾರುಗಳನ್ನು ಅನಿಲದಿಂದ ಓಡಿಸುತ್ತಿದ್ದರು. ಅದಕ್ಕಾಗಿ ಎಮಿಲ್ ಗನ್ಯಾನ್ ಎಂಬ ಇಂಜಿನಿಯರು ಮಾಡಿದ್ದ ಕವಾಟವನ್ನೇ ನೌಕಾಧಿಕಾರಿ ಕುಸ್ತೋ ಅವರ ಬಯಕೆಯಂತೆ ಉಸಿರಾಟಕ್ಕೆ ಒಗ್ಗಿಸಲಾಯಿತು. ಮೊದಲ ಪರೀಕ್ಷೆ ನಡೆದದ್ದು ಸಮುದ್ರದಲ್ಲಲ್ಲ, ಪ್ಯಾರಿಸ್ ಸಮೀಪದ ಮಾರ್ನ್ ನದಿಯಲ್ಲಿ. ಮಲಗಿ ಈಜಿದಾಗ ಯಂತ್ರ ಸರಿಯಾಗಿತ್ತು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿಹೋಗುತ್ತಿತ್ತು. ತಲೆಕೆಳಗಾದರೆ ಉಸಿರೇ ಸಿಗದು! ಗಾಳಿ ಹೊರಬೀಳುವ ಬಾಯಿ ಮತ್ತು ಕವಾಟಗಳ ನಡುವಣ ಒಂದು ಗೇಣು ನೀರಿನ ಒತ್ತಡವೇ ಈ ಆಟ ಹೂಡಿತ್ತು. ಎರಡನ್ನೂ ಒಂದೇ ಮಟ್ಟದಲ್ಲಿ ಇರಿಸಿದೊಡನೆ ದೋಷ ಮಾಯವಾಯಿತು.

ಈ ಕವಾಟದ ಮಾದರಿಯೊಂದನ್ನು ಇಕ್ಕಳ, ಅರ, ಬೆಸುಗೆ ಸಲಾಕೆಗಳಿಂದ ಮನೆಯಲ್ಲಿಯೇ ಮಾಡಬಹುದು. ಅಂಗೈಯಗಲದ ತಗಡಿನ ಡಬ್ಬಿಯ ಬಾಯಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಎಳೆದು ಕಟ್ಟಿರಿ, ಇದೇ ಪೊರೆ. ಹಳೆಯ ಸ್ಕೂಟರ್ ಟ್ಯೂಬಿನ ಲೋಹದ ವಾಲ್ವನ್ನು, ಮೊಳೆಯಂತಹ ಅದರ ಪಿನ್ನು ಒಳಗೆ ಬರುವಂತೆ, ಡಬ್ಬಿಯ ಪಕ್ಕಕ್ಕೆ ಬೆಸೆಯಿರಿ. ಸೈಕಲ್ ಚಕ್ರದ ಕಡ್ಡಿಯನ್ನು ಬಗ್ಗಿಸಿ ಸನ್ನೆ ಮಾಡಿ, ಪೊರೆ ತಗ್ಗಿದಾಗ ಅದು ಪಿನ್ನನ್ನು ಒತ್ತುವಂತೆ ಕೂರಿಸಿರಿ. (ತಾಳ್ಮೆ ಬೇಕಾದದ್ದು ಇಲ್ಲಿಯೇ.) ವಾಲ್ವಿನ ಹೊರತುದಿಯಿಂದ ರಬ್ಬರು ಕೊಳವೆಯೊಂದು ಸೈಕಲ್ ಪಂಪಿಗೆ, ಡಬ್ಬಿಯ ಇನ್ನೊಂದು ರಂಧ್ರದಿಂದ ಮತ್ತೊಂದು ಕೊಳವೆ ದೊಡ್ಡ ಪಿಚಕಾರಿಗೆ. ಪಿಚಕಾರಿಯನ್ನು ಎಳೆದರೆ ಪೊರೆ ತಗ್ಗಿ, ಕವಾಟ ತೆರೆದು, ಗಾಳಿ ಸುಯ್ಯೆಂದು ನುಗ್ಗುತ್ತದೆ. ಎಳೆಯುವುದನ್ನು ನಿಲ್ಲಿಸಿದರೆ ಪೊರೆ ಮೇಲೆದ್ದು ಕವಾಟ ಮುಚ್ಚುತ್ತದೆ. ಡಬ್ಬಿಯನ್ನು ನೀರಿನ ಪೀಪಾಯಿಯಲ್ಲಿ ಮುಳುಗಿಸಿದರೆ, ಯಾರೂ ಎಳೆಯದಿದ್ದರೂ ನೀರೇ ಪೊರೆಯನ್ನೊತ್ತಿ ತನಗೆ ಸಮನಾಗುವಷ್ಟು ಗಾಳಿಯನ್ನು ಒಳಗೆ ಬಿಡಿಸುತ್ತದೆ.

ಇಷ್ಟು ಸರಳವಾದರೆ ಇದನ್ನೇ ದೊಡ್ಡದಾಗಿ ಮಾಡಿ ಬಾವಿಗಿಳಿಯಬಾರದೇಕೆಂದು ಕೇಳುವಿರಿ. 1950ರ ದಶಕದಲ್ಲಿ ಅಮೆರಿಕದ ಕೆಲವರು ವಿಮಾನಗಳ ಹಳೆಯ ಆಮ್ಲಜನಕ ಸಾಮಗ್ರಿಯಿಂದ ಹಾಗೆ ಮಾಡಿದ್ದೂ ಉಂಟು. ಅಪಾಯಗಳು ಮಾತ್ರ ಕಣ್ಣಿಗೆ ಕಾಣುವಂತಹವಲ್ಲ. ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಎಣ್ಣೆಯ ಹಬೆಯೂ, ಇಂಜಿನ್ನಿನ ಹೊಗೆ ಹತ್ತಿರವಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಬರಬಹುದು. ಬೆಸುಗೆಯ ಅಂಗಡಿಯ ಶುದ್ಧ ಆಮ್ಲಜನಕವಾದರೋ ಆರೇಳು ಮೀಟರು ಆಳ ದಾಟಿದರೆ ಸೆಳವು ತರಬಲ್ಲುದು. ಎಲ್ಲಕ್ಕಿಂತ ಕ್ರೂರವಾದದ್ದು ಬಾಯ್ಲನ ನಿಯಮ. ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟು. ಅಲ್ಲಿ ಐದು ಲೀಟರು ಗಾಳಿ ತುಂಬಿಕೊಂಡು, ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲೆದ್ದವನ ಎದೆಯಲ್ಲಿ ಅದು ಹತ್ತು ಲೀಟರಾಗಲು ಹವಣಿಸುತ್ತದೆ, ಪುಪ್ಪುಸ ಹರಿಯುತ್ತದೆ. ಇದಕ್ಕೆ ಹತ್ತು ಮೀಟರೂ ಬೇಕಿಲ್ಲ, ಒಂದೆರಡು ಮೀಟರು ಆಳವೇ ಸಾಕು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಲು ಹೋಗುವವರಿಗೆ ಮೊದಲು ಕಲಿಸುವ ಪಾಠವೂ ಉಸಿರು ಕಟ್ಟಬೇಡವೆಂಬುದೇ.

ಇದನ್ನೂ ನಿಮ್ಮ ಡಬ್ಬಿಯಲ್ಲಿಯೇ ಕಾಣಬಹುದು. ಪೀಪಾಯಿಯ ತಳದಲ್ಲಿ ಅದು ಗಾಳಿ ತುಂಬಿಕೊಂಡ ಮೇಲೆ ಪಿಚಕಾರಿಯ ಕೊಳವೆಯನ್ನು ಬೆರಳಿನಿಂದ ಹಿಚುಕಿ ಹಿಡಿದು, ಡಬ್ಬಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಪೊರೆಯನ್ನು ನೋಡುತ್ತಿರಿ. ಮೊಣಕೈಯುದ್ದದ ನೀರನ್ನು ದಾಟುವಷ್ಟರಲ್ಲಿಯೇ ಅದು ಹೊರಕ್ಕೆ ಉಬ್ಬಿರುತ್ತದೆ.